ಪೊರೆಯನ್ನು ಮರೆತು ಕಳೆದ ನಾಲ್ಕು ತಿಂಗಳು

ನಾಲ್ಕು ತಿಂಗಳು ನಾನು ಒಂದೇ ಗೆರೆ ನೋಡಿದೆ. ಸಿಡಿ (ಸರ್ಕ್ಯುಲರ್ ಡೈಕ್ರೋಯಿಸಮ್) ಅಂದರೆ ಬೆಳಕು ಹಾಯಿಸಿ ಪ್ರೋಟೀನಿನ ಆಕಾರ ತಿಳಿಯುವ ಯಂತ್ರ. ಅದರ ಪರದೆಯಲ್ಲಿ 198 ನ್ಯಾನೋಮೀಟರ್ ತರಂಗದ ಹತ್ತಿರ ಒಂದು ತಗ್ಗು, ಅಷ್ಟೇ. ಅಂದರೆ ಪ್ರೋಟೀನಿಗೆ ಆಕಾರವಿಲ್ಲ, ನೀರಿಗೆ ಬಿದ್ದ ದಾರದ ಹಾಗೆ ಸಡಿಲವಾಗಿದೆ. ನನಗೆ ಬೇಕಿದ್ದದ್ದು 208 ಮತ್ತು 222ರಲ್ಲಿ ಎರಡು ತಗ್ಗು. ಅವು ಕಂಡರೆ ದಾರ ಸುರುಳಿಯಾಗಿದೆ, ಪೊರೆಗೆ ಅಂಟಿದೆ ಎಂದರ್ಥ.

ಪ್ರೋಟೀನಿನ ಹೆಸರು ಆಲ್ಫಾ-ಸೈನ್ಯೂಕ್ಲಿನ್. 140 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನು. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗ ಸಿನಾಪ್ಸ್ ಅಲ್ವಾ, ಅಲ್ಲಿ ಇದು ಜಾಸ್ತಿ. ಸಂದೇಶ ಕಳಿಸುವ ಕಡೆ ಸುಮಾರು 40 ನ್ಯಾನೋಮೀಟರ್ ಅಗಲದ ಪುಟ್ಟ ಚೀಲಗಳು ರಾಸಾಯನಿಕ ತುಂಬಿಕೊಂಡು ಕಾಯುತ್ತಿರುತ್ತವೆ. ಕ್ಯಾಲ್ಸಿಯಂ ಒಳಗೆ ನುಗ್ಗಿದರೆ ಸಾಕು, ಒಂದು ಮಿಲಿಸೆಕೆಂಡಿಗೂ ಮೊದಲೇ ಚೀಲದ ಪೊರೆ ನರಕೋಶದ ಪೊರೆಯೊಂದಿಗೆ ಬೆಸೆದು ಸಂದೇಶ ಹೊರಗೆ ಬೀಳುತ್ತದೆ. ಬೆಸೆಯುವ ಕೆಲಸ ಸ್ನೇರ್ ಪ್ರೋಟೀನುಗಳದು. ಚೀಲದ ಮೇಲಿನ ಸಿನಾಪ್ಟೊಬ್ರೆವಿನ್, ಎದುರಿನ ಸಿಂಟಾಕ್ಸಿನ್ ಮತ್ತು ಸ್ನ್ಯಾಪ್-25 ಹೆಣೆದುಕೊಂಡು ಎರಡು ಪೊರೆಗಳನ್ನು ಹತ್ತಿರ ಎಳೆಯುತ್ತವೆ. ಸೈನ್ಯೂಕ್ಲಿನ್ ಆ ಚೀಲಗಳಿಗೆ ಅಂಟಿಕೊಂಡು, ಸ್ನೇರ್‌ಗಳು ಹೆಣೆದುಕೊಳ್ಳಲು ನೆರವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ನರಕೋಶದೊಳಗೆ ಗಂಟುಗಟ್ಟುವುದೂ ಇದೇ.

ಪ್ರೋಟೀನು ತಯಾರಿಸುವುದು ನನಗೆ ಸುಲಭವಾಗೇ ಬಂತು. ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಒಡೆದು, ಇಡೀ ದ್ರವವನ್ನು ಕುದಿಸಿದೆ. ಬೇರೆ ಪ್ರೋಟೀನುಗಳೆಲ್ಲ ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟಿ ತಳಕ್ಕೆ ಹೋದವು. ಮೊದಲೇ ಆಕಾರವಿಲ್ಲದ ಸೈನ್ಯೂಕ್ಲಿನ್‌ಗೆ ಕೆಡುವುದಕ್ಕೆ ಏನೂ ಇರಲಿಲ್ಲ, ಅದು ಮೇಲಿನ ತಿಳಿಯಲ್ಲೇ ಉಳಿಯಿತು. ಮೊದಲ ಸಲ ಇದನ್ನು ಕಣ್ಣಾರೆ ಕಂಡಾಗ ನನಗೆ ತುಂಬಾ ಖುಷಿಯಾಗಿತ್ತು. ಕಾಲಮ್‌ನಲ್ಲಿ ಹಾಯಿಸಿ, ಜೆಲ್‌ನಲ್ಲಿ ನೋಡಿದೆ. ಒಂದೇ ಪಟ್ಟಿ, ಅಂದರೆ ಪ್ರೋಟೀನು ಶುದ್ಧ.

ಪೊರೆಯ ವಿಷಯಕ್ಕೆ ಮಾತ್ರ ನಾನು ಅಷ್ಟು ತಲೆ ಕೊಡಲಿಲ್ಲ. ಅದು ಬರೀ ಗೋಡೆ, ಕೆಲಸ ಮಾಡುವುದು ಪ್ರೋಟೀನು ಎಂದುಕೊಂಡಿದ್ದೆ. ಲ್ಯಾಬಿನ ಫ್ರೀಜರ್‌ನಲ್ಲಿದ್ದ ಫಾಸ್ಫಟಿಡೈಲ್‌ಕೋಲಿನ್ ಎಂಬ ಲಿಪಿಡ್, ಅಂದರೆ ಪೊರೆ ಕಟ್ಟುವ ಕೊಬ್ಬಿನಂಥ ಅಣು, ತೆಗೆದುಕೊಂಡೆ, 100 ನ್ಯಾನೋಮೀಟರ್ ರಂಧ್ರದ ಫಿಲ್ಟರ್‌ನಲ್ಲಿ ತಳ್ಳಿ ಲೈಪೋಸೋಮ್, ಅಂದರೆ ಪೊರೆಯ ಪುಟ್ಟ ಕೃತಕ ಗುಳ್ಳೆ, ಮಾಡಿದೆ. ಸಿಡಿಯಲ್ಲಿ ಅದೇ ತಗ್ಗು. ತಪ್ಪು ಪ್ರೋಟೀನಿನದು ಅಂತ ಮತ್ತೆ ಮತ್ತೆ ಹೊಸದಾಗಿ ತಯಾರಿಸಿದೆ.

ಕೊನೆಗೆ ಪಕ್ಕದ ಲ್ಯಾಬಿನ ಹಿರಿಯರೊಬ್ಬರು ನನ್ನ ನೋಟ್‌ಬುಕ್ ತಿರುವಿ ಹಾಕಿ ಕೇಳಿದರು: "ಪ್ರೋಟೀನ್ ಬಗ್ಗೆ ಇಪ್ಪತ್ತು ಪುಟ ಬರೆದಿದ್ದೀರಿ. ಲಿಪಿಡ್ ಬಗ್ಗೆ ಒಂದೇ ಸಾಲು ಇದೆಯಲ್ಲ, ಯಾಕೆ?"

ಅವತ್ತು ರಾತ್ರಿ ಪ್ರೋಟೀನಿನ ಸರಣಿಯನ್ನು ಮತ್ತೆ ಓದಿದೆ. ಅದರ ಮೊದಲ ಭಾಗದಲ್ಲಿ 11 ಅಮೈನೋ ಆಮ್ಲಗಳ ಒಂದು ತುಣುಕು ಸ್ವಲ್ಪ ಸ್ವಲ್ಪ ಬದಲಾಗುತ್ತಾ 7 ಸಲ ಬರುತ್ತದೆ. ಅಲ್ಲೆಲ್ಲ ಲೈಸಿನ್, ಅಂದರೆ ಪ್ಲಸ್ ಚಾರ್ಜ್. ಅದಕ್ಕೆ ಹಿಡಿಯಲು ಮೈನಸ್ ಚಾರ್ಜ್ ಬೇಕು. ನಾನು ಹಾಕಿದ್ದ ಲಿಪಿಡ್‌ಗೆ ಒಟ್ಟಾರೆ ಚಾರ್ಜೇ ಇಲ್ಲ! ಇನ್ನೊಂದು, ನಿಜವಾದ ಚೀಲ ಚಿಕ್ಕದು, ಅದರ ಪೊರೆ ಬಿಗಿಯಾಗಿ ಬಾಗಿರುತ್ತದೆ. ಹಾಗೆ ಬಾಗಿದಾಗ ಹೊರಗಿನ ಲಿಪಿಡ್‌ಗಳ ನಡುವೆ ಸಂದು ಬೀಳುತ್ತದೆ. ಸುರುಳಿಯ ಎಣ್ಣೆ ಇಷ್ಟಪಡುವ ಮಗ್ಗುಲು ಆ ಸಂದಿನಲ್ಲಿ ಕೂರುತ್ತದೆ. ನನ್ನ ಲೈಪೋಸೋಮ್‌ಗಳು ಅದಕ್ಕಿಂತ ತೀರಾ ದೊಡ್ಡವು, ಮೈ ಹೆಚ್ಚುಕಮ್ಮಿ ಚಪ್ಪಟೆ.

ಈ ಸಲ 100ಕ್ಕೆ 30 ಪಾಲು ಮೈನಸ್ ಚಾರ್ಜ್ ಇರುವ ಫಾಸ್ಫಟಿಡೈಲ್‌ಸೆರಿನ್ ಎಂಬ ಲಿಪಿಡ್ ಸೇರಿಸಿದೆ. ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದ್ದನ್ನು ಗಾಜಿನಲ್ಲೇ ಇಟ್ಟೆ, ಯಾಕೆಂದರೆ ಪ್ಲಾಸ್ಟಿಕ್ ಅದರಲ್ಲಿ ಕರಗಿ ಬೆರೆಯುತ್ತದೆ. ನೈಟ್ರೋಜನ್ ಊದಿ ತೆಳುವಾಗಿ ಒಣಗಿಸಿ, ಉಳಿದ ದ್ರಾವಕ ಹೋಗಲಿ ಎಂದು ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿಟ್ಟೆ. ಆಮೇಲೆ ಬಫರ್ ಹಾಕಿ, ಮೋಡದಂತಿದ್ದ ದ್ರವ ತಿಳಿಯಾಗುವವರೆಗೆ ಸೋನಿಕೇಟ್ ಮಾಡಿದೆ, ಅಂದರೆ ಶಬ್ದದ ಅಲೆಗಳಿಂದ ಗುಳ್ಳೆಗಳನ್ನು ಚಿಕ್ಕದಾಗಿ ಒಡೆದೆ. ಗಾತ್ರವನ್ನು ಪ್ರತಿ ಸಲವೂ ಅಳೆಯಿರಿ, ಅಂದಾಜಿನ ಮೇಲೆ ಬಿಡಬೇಡಿ. ಬಫರ್‌ನಲ್ಲಿ ಉಪ್ಪೂ ಬೇಡ. ಕ್ಲೋರೈಡ್ 200 ನ್ಯಾನೋಮೀಟರ್ ಕೆಳಗಿನ ಬೆಳಕನ್ನು ನುಂಗಿಬಿಡುತ್ತದೆ, ಚಾರ್ಜ್‌ನ ಸೆಳೆತವನ್ನೂ ಉಪ್ಪು ತಗ್ಗಿಸುತ್ತದೆ. ನಾನು ಬರೀ ಫಾಸ್ಫೇಟ್ ಬಳಸಿದೆ.

ಲೈಪೋಸೋಮ್ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಹೋದೆ. 198ರ ತಗ್ಗು ಮೇಲೆದ್ದಿತು. 222ರಲ್ಲಿ ಗೆರೆ ಇಳಿಯತೊಡಗಿತು, ಆಮೇಲೆ 208ರಲ್ಲೂ. ಮೂರು ಸಲ ಮಾಡಿದೆ, ಮೂರು ಸಲವೂ ಬಂತು. ಆ ಮೂರು ಗೆರೆಗಳ ಪ್ರಿಂಟ್ ಇನ್ನೂ ನನ್ನ ಮೇಜಿನ ಮುಂದಿದೆ.

ಆಮೇಲೆ ಕಾಯಿಲೆಯ ರೂಪಗಳನ್ನು ನೋಡಿದೆ. 53ನೇ ಜಾಗದಲ್ಲಿ ಅಲನಿನ್ ಬದಲು ಥ್ರಿಯೋನಿನ್ ಇರುವ ರೂಪ ಕೆಲವು ಕುಟುಂಬಗಳಲ್ಲಿ ಪಾರ್ಕಿನ್ಸನ್ ತರುತ್ತದೆ ಎಂದು 1997ರಲ್ಲಿ ಗೊತ್ತಾಯಿತು. ಅದು ಪೊರೆಗೆ ಸಾಮಾನ್ಯ ರೂಪದ ಹಾಗೇ ಅಂಟಿತು. ಮರುವರ್ಷ ವರದಿಯಾದದ್ದು 30ನೇ ಜಾಗದಲ್ಲಿ ಪ್ರೊಲೀನ್ ಇರುವ ರೂಪ. ಪ್ರೊಲೀನ್ ಸುರುಳಿಯನ್ನು ಮುರಿಯುತ್ತದೆ, ಅದಕ್ಕೇ ಅದು ಸಡಿಲವಾಗಿ ಅಂಟಿತು, ಲಿಪಿಡ್ ಜಾಸ್ತಿ ಬೇಕಾಯಿತು. ಎರಡೂ ಅದೇ ಕಾಯಿಲೆಗೆ ಒಯ್ಯುತ್ತವೆ, ಆದರೆ ದಾರಿ ಒಂದೇ ಅಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಬೇರೆ ಒಂದು ಸಂಗತಿ. ಜೀನ್ ಸರಿಯಾಗಿದ್ದೂ, ಅದರ ಪ್ರತಿಗಳು ಹೆಚ್ಚಾದರೂ ಕಾಯಿಲೆ ಬರುತ್ತದೆ ಎಂದು 2003ರಲ್ಲಿ ಒಂದು ಕುಟುಂಬದಿಂದ ತಿಳಿಯಿತು. ಪ್ರೋಟೀನು ಜಾಸ್ತಿ, ಪೊರೆ ಅಷ್ಟೇ. ಡಿಎಂಪಿಎಸ್ ಎಂಬ ಲಿಪಿಡ್‌ನ ಲೈಪೋಸೋಮ್ ಇಟ್ಟು, ಗಂಟುಗಳಿಗೆ ಅಂಟಿ ಹೊಳೆಯುವ ಥಯೋಫ್ಲೇವಿನ್ ಹಾಕಿ ನೋಡಿದೆ. ಲಿಪಿಡ್ ಧಾರಾಳವಾಗಿದ್ದಾಗ ಪ್ರೋಟೀನೆಲ್ಲ ಅಂಟಿ ಸುಮ್ನೆ ಕೂತಿತು, ಗಂಟಾಗಲಿಲ್ಲ. ಲಿಪಿಡ್ ಕಡಿಮೆ ಮಾಡಿ, ಅಂಟಲು ಜಾಗ ಸಿಗದ ಪ್ರೋಟೀನು ಪಕ್ಕದಲ್ಲಿ ಉಳಿಯುವಂತೆ ಮಾಡಿದಾಗ ಹೊಳಪು ಏರತೊಡಗಿತು. ಅದೇ ಪೊರೆ, ಅದೇ ಪ್ರೋಟೀನು, ಪ್ರಮಾಣ ಮಾತ್ರ ಬೇರೆ. ಸಿನಾಪ್ಸಿನೊಳಗೂ ಹೀಗೇ ಆಗುತ್ತದೆಯೇ? ಈಗ ಇಲಿಯ ಮೆದುಳಿನಿಂದ ತೆಗೆದ ನಿಜವಾದ ಚೀಲಗಳ ಮೇಲೆ ಅದೇ ಪ್ರಯೋಗ ಶುರು ಮಾಡಿದ್ದೇನೆ. ಈ ನೋಟ್‌ಬುಕ್‌ನಲ್ಲಿ ಮೊದಲ ಪುಟವೇ ಲಿಪಿಡ್‌ನದು.