ಮೋಟರ್ ಗುಂಪು ಮಾಡಿದ್ದು ಹೇಗೆ, ಪ್ಯಾನೆಲ್ ಉಳಿದದ್ದು ಹೇಗೆ

ಎರಡು ಪಿಸಿಸಿ (ಪವರ್ ಕಂಟ್ರೋಲ್ ಸೆಂಟರ್, ಕರೆಂಟ್ ಹಂಚುವ ಮುಖ್ಯ ಪ್ಯಾನೆಲ್) ಬದಲಾಯಿಸಿ, ಶಾರ್ಟ್ ಸರ್ಕ್ಯೂಟ್ ತಡೆಯಲು 50 ಕೆಎ (ಕಿಲೋ ಆಂಪಿಯರ್) ಸಾಲದು, 65 ಕೆಎ ಬೇಕು ಎಂದು ಹಳೆಯ ಸ್ಟಡಿ ರಿಪೋರ್ಟ್ ಹೇಳಿತ್ತು. ಖರ್ಚು ಒಂದೂಕಾಲು ಕೋಟಿ ಆಸುಪಾಸು. ಆ ಪ್ಯಾನೆಲ್‌ಗಳು ಇವತ್ತಿಗೂ ಅಲ್ಲೇ ಇವೆ. ಸುಮ್ನೆ ಬಿಟ್ಟದ್ದಲ್ಲ, ಲೆಕ್ಕ ಹಾಕಿ ಉಳಿಸಿದ್ದು.

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ. ಕೋಜನ್ (ಸ್ವಂತ ವಿದ್ಯುತ್ ಉತ್ಪಾದನೆ) ಇದೆ. 11 ಕೆವಿ ಬಸ್ (ಸರ್ಕ್ಯೂಟ್‌ಗಳೆಲ್ಲ ಸೇರುವ ಕಂಬಿ), ಕೆಳಗೆ 2000 ಕೆವಿಎ, 6.25% ಇಂಪೀಡೆನ್ಸ್‌ನ ಟ್ರಾನ್ಸ್‌ಫಾರ್ಮರ್‌ಗಳು. ಒಂದು ಪಿಸಿಸಿ ವಿಷಯ ಮಾತ್ರ ಹೇಳುತ್ತೇನೆ, ಇನ್ನೊಂದು ಹೆಚ್ಚು ಕಡಿಮೆ ಅದೇ ಥರ. ಟ್ರಾನ್ಸ್‌ಫಾರ್ಮರ್ ಕಡೆಯಿಂದ ಬರುವ ಫಾಲ್ಟ್ ಕರೆಂಟ್ (ಶಾರ್ಟ್ ಆದಾಗ ಹರಿಯುವುದು) ಸುಮಾರು 40 ಕೆಎ. ಅಷ್ಟಕ್ಕೆ ಪ್ಯಾನೆಲ್ ಪಾಸ್. ಜಗಳ ಇದ್ದದ್ದು ಮೋಟರ್‌ಗಳು ಆ ಕ್ಷಣದಲ್ಲಿ ಶಾರ್ಟಿನ ಕಡೆಗೆ ವಾಪಸ್ ಕೊಡುವ ಕರೆಂಟಿನಲ್ಲಿ.

ಹಳೆಯ ರಿಪೋರ್ಟಿನವರು ಮೋಟರ್ ಲಿಸ್ಟ್‌ನ 1800 ಕಿಲೋವ್ಯಾಟನ್ನೂ ಒಂದೇ ದೊಡ್ಡ ಮೋಟರ್ ಎಂಬಂತೆ ಲಂಪ್ ಮಾಡಿ ಬಸ್‌ಗೆ ನೇತುಹಾಕಿದ್ದರು. 3100 ಆಂಪಿಯರ್, ಐಇಸಿ 60909 (ಫಾಲ್ಟ್ ಲೆಕ್ಕದ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ಪ್ರಕಾರ 5 ಪಟ್ಟು, ಅಂದರೆ 15-16 ಕೆಎ. ಒಟ್ಟು 56. ಪ್ಯಾನೆಲ್ ಫೇಲ್. ಸೇಫ್ ಸೈಡ್‌ನಲ್ಲಿ ಇರಲಿ ಅನ್ನುವುದು ಸುಲಭ, ದುಡ್ಡು ಬೇರೆಯವರದ್ದಾದರೆ ಇನ್ನೂ ಸುಲಭ.

ಹಾಗಾದರೆ ಎಲ್ಲ ಮೋಟರ್ ಬಿಡಿಬಿಡಿಯಾಗಿ ಹಾಕೋಣ ಅಂತ ಹೊರಟೆ. ನೂರೈವತ್ತರ ಮೇಲೆ ಇದ್ದವು. ಅರ್ಧಕ್ಕೆ ನೇಮ್‌ಪ್ಲೇಟ್ ಮೇಲೆ ಪೇಂಟ್ ಬಳಿದಿದ್ದರು. ಹಲವು ರಿವೈಂಡ್ ಆಗಿದ್ದವು. ಕೇಬಲ್ ಉದ್ದ ಯಾರಿಗೂ ಗೊತ್ತಿಲ್ಲ. 3.7 ಕಿಲೋವ್ಯಾಟ್ ಮೋಟರಿಗೂ ಅಂದಾಜಿನ ರಿಯಾಕ್ಟೆನ್ಸ್, ಅಂದಾಜಿನ ಇನರ್ಷಿಯಾ (ಜಡತ್ವ), ಅಂದಾಜಿನ ಕೇಬಲ್. ಡೈನಾಮಿಕ್ ಸ್ಟಡಿಗೆ (ಕ್ಷಣಕ್ಷಣದ ವರ್ತನೆಯ ಲೆಕ್ಕ) ಹಾಕಿದರೆ ಕನ್ವರ್ಜ್ ಆಗದೆ, ಅಂದರೆ ಉತ್ತರ ಕೂಡಿಬರದೆ, ನಿಂತಿತು. ತಿಂಗಳ ಕೆಲಸ ನೀರಿಗೆ ಹೋಯಿತು. ನನ್ನ ಫೀಸು ಇದ್ದದ್ದೇ ನಾಲ್ಕು ಲಕ್ಷ ಚಿಲ್ಲರೆ, ಅದರಲ್ಲಿ ಓಡಾಟದ ಖರ್ಚೇ ಒಂದು ಪಾಲು ತಿಂದಿತು. ಅಲ್ಲಿನ ಎಲೆಕ್ಟ್ರಿಕಲ್ ಮ್ಯಾನೇಜರ್ ಅಂದರು: "ಏನ್ರೀ ಸರ, ಒಂದೊಂದ ಮೋಟರ್ ನೋಡ್ಕೋತ ಕೂತ್ರ ಸೀಜನ್ ಮುಗೀತದ. ಪ್ಯಾನೆಲ್ ಬದ್ಲಿ ಮಾಡ್ರಿ ಅಂತ ಬರ್ದ್ ಕೊಟ್ಟಬಿಡ್ರಿ." ರಿವ್ಯೂ ಮಾಡಬೇಕಿದ್ದ ಕನ್ಸಲ್ಟೆಂಟ್ ಕೂಡ ಅದನ್ನೇ ಹೇಳಿದರು, ಸ್ವಲ್ಪ ಇಂಗ್ಲಿಷಿನಲ್ಲಿ.

ಆಮೇಲೆ ಹಿಡಿದ ದಾರಿ ಇದು. 37 ಕಿಲೋವ್ಯಾಟ್ ಮತ್ತು ಮೇಲಿನದು ಬಿಡಿಯಾಗಿ, ಕೇಬಲ್ ಸಮೇತ. ಅದಕ್ಕಿಂತ ಕೆಳಗಿನದು ಗುಂಪಾಗಿ, ಒಂದೊಂದು ಎಂಸಿಸಿಗೆ (ಮೋಟರ್ ಕಂಟ್ರೋಲ್ ಸೆಂಟರ್) ಒಂದು ಗುಂಪು. ಆದರೆ ಗುಂಪು ಕಟ್ಟುವ ಮೊದಲು ಲಿಸ್ಟನ್ನು ಜರಡಿ ಹಿಡಿಯಬೇಕು. ಅಸಲಿ ಕೆಲಸ ಅಲ್ಲಿದೆ. ಸ್ಟ್ಯಾಂಡ್‌ಬೈ ಪಂಪುಗಳು ಸುಮಾರು 500 ಕಿಲೋವ್ಯಾಟ್ ಇದ್ದವು. ಮುಖ್ಯ ಪಂಪು, ಸ್ಟ್ಯಾಂಡ್‌ಬೈ ಎರಡೂ ಒಟ್ಟಿಗೆ ಓಡಲ್ಲ ಅನ್ನುವುದನ್ನು ಇಂಟರ್‌ಲಾಕ್ ಡ್ರಾಯಿಂಗ್ ಹಿಡಿದು ಖಾತ್ರಿ ಮಾಡಿಕೊಂಡೆ. ಬಾಯಿಮಾತು ನಂಬಲಿಲ್ಲ. ಸಾಮಾನ್ಯ ವಿಎಫ್‌ಡಿ (ಸ್ಪೀಡ್ ಬದಲಿಸುವ ಡ್ರೈವ್) ಮೇಲಿನವು 400 ಕಿಲೋವ್ಯಾಟ್, ಅವು ಫಾಲ್ಟಿಗೆ ಕರೆಂಟ್ ಕೊಡಲ್ಲ, ತೆಗೆದೆ.

ಇಲ್ಲೇ ಹಲವರು ಎಡವುತ್ತಾರೆ. ವಿಎಫ್‌ಡಿ ಅಂದ ತಕ್ಷಣ ಎಲ್ಲವನ್ನೂ ತೆಗೆದುಬಿಡುತ್ತಾರೆ. ನಮ್ಮಲ್ಲಿನ ಬ್ಯಾಚ್ ಸೆಂಟ್ರಿಫ್ಯೂಗಲ್ (ಸಕ್ಕರೆ ಹರಳು ಬೇರ್ಪಡಿಸುವ) ಮೆಷಿನ್‌ಗಳು ರೀಜನರೇಟಿವ್. ಪ್ರತಿ ಸೈಕಲ್ ಕೊನೆಗೆ ಬ್ರೇಕ್ ಹಾಕುವಾಗ ಲೈನಿಗೆ ಪವರ್ ವಾಪಸ್ ಕಳಿಸುತ್ತವೆ. ಅಂಥವನ್ನು 60909 ಬಿಡುವುದಿಲ್ಲ, ರೇಟೆಡ್ ಕರೆಂಟಿನ 3 ಪಟ್ಟು ಹಿಡಿಯಿರಿ ಅನ್ನುತ್ತೆ. ನಮ್ಮಲ್ಲಿ ಅವು 200 ಕಿಲೋವ್ಯಾಟ್, ಒಂದು ಕೆಎ ಬಂತು. ಸಾಫ್ಟ್ ಸ್ಟಾರ್ಟರ್‌ಗಳನ್ನು ವಿಎಫ್‌ಡಿ ಜೊತೆ ಸೇರಿಸಿ ತೆಗೆಯುವವರನ್ನೂ ನೋಡಿದ್ದೇನೆ. ಸ್ಟಾರ್ಟ್ ಆಗಿ ಬೈಪಾಸ್ ಕಾಂಟ್ಯಾಕ್ಟರ್ ಆನ್ ಆದ ಮೇಲೆ ಅದಕ್ಕೂ ಡಿಓಎಲ್ (ನೇರ ಲೈನಿಗೆ ಜೋಡಿಸಿದ) ಮೋಟರಿಗೂ ಏನು ವ್ಯತ್ಯಾಸ?

ಉಳಿದದ್ದು 700 ಕಿಲೋವ್ಯಾಟ್. ಇದನ್ನೂ ಪೂರ್ತಿ ಬಿಡಬಹುದಾ? ರೇಟೆಡ್ ಕರೆಂಟುಗಳ ಮೊತ್ತ ಫಾಲ್ಟ್ ಕರೆಂಟಿನ ಶೇಕಡಾ 1ರ ಒಳಗಿದ್ದರೆ ಬಿಡಬಹುದು. ನಮ್ಮದು 1200 ಆಂಪಿಯರ್, ಶೇಕಡಾ 3. ಬಿಡುವ ಹಾಗಿಲ್ಲ. ಗುಂಪಿಗೆ 5 ಪಟ್ಟು, ಆರ್ ಬೈ ಎಕ್ಸ್ (ರೆಸಿಸ್ಟೆನ್ಸ್, ರಿಯಾಕ್ಟೆನ್ಸ್ ಅನುಪಾತ) 0.42. ದೊಡ್ಡವಕ್ಕೆ ಅವುಗಳದ್ದೇ ಲಾಕ್ಡ್ ರೋಟರ್ ಕರೆಂಟ್ (ರೋಟರ್ ತಿರುಗದೆ ನಿಂತಾಗ ಎಳೆಯುವುದು). ಹೊಸ ಐಇ3 (ಹೆಚ್ಚು ದಕ್ಷತೆಯ) ಮೋಟರುಗಳಲ್ಲಿ ಅದು 7 ಪಟ್ಟಿಗೂ ಹೋಗುತ್ತೆ. ಹಾಗಾಗಿ 5 ಪಟ್ಟು ಯಾವಾಗಲೂ ಸೇಫ್ ಅನ್ನುವ ನಂಬಿಕೆ ಬೇಡ. ಕೇಬಲ್ ಸೇರಿಸಿದ ಮೇಲೆ 5 ಕೆಎ ಚಿಲ್ಲರೆ ಬಂತು. ಒಟ್ಟು 46-47. ಪೀಕ್ (ಶಾರ್ಟ್ ಕರೆಂಟಿನ ಮೊದಲ ಅಲೆಯ ತುದಿ) ಮಾತ್ರ ಎದೆ ನಡುಗಿಸಿತು: 103 ಕೆಎ ಮೇಲೆ ಬಂತು, ಪ್ಯಾನೆಲ್ ತಡೆಯುವುದು 105. ಆದರೂ ಒಳಗೇ ಇದೆ ಅಲ್ವಾ?

ಈ ಮಧ್ಯೆ ಇನ್ನೊಂದು ಹುಚ್ಚು ಹಿಡಿಯಿತು. ಹಿಂದಿನ ಸೀಜನ್‌ನಲ್ಲಿ 11 ಕೆವಿ ಫೀಡರಲ್ಲಿ ಫಾಲ್ಟ್ ಆಗಿ ವೋಲ್ಟೇಜ್ ಅರ್ಧಕ್ಕೆ ಬಿದ್ದಿದ್ದರ ರೆಕಾರ್ಡ್ ರಿಲೇಯಲ್ಲಿ ಸಿಕ್ಕಿತು. ಅದನ್ನು ನನ್ನ ಮಾಡೆಲ್ ತೋರಿಸುತ್ತಾ ಅಂತ ನೋಡಿದೆ. ಅರ್ಧ ಸೆಕೆಂಡಿಗೆಲ್ಲ ವೋಲ್ಟೇಜ್ ಮೇಲೆ ಬಂದುಬಿಟ್ಟಿತು. ರೆಕಾರ್ಡಿನಲ್ಲಿ ಒಂದೂವರೆ ಸೆಕೆಂಡು. ಫಾಲ್ಟ್ ಲೆಕ್ಕಕ್ಕೆ ಸರಿಹೋಗುವ ಗುಂಪು ಡೈನಾಮಿಕ್ಸಿಗೆ ಹೊಂದಲ್ಲ. ಫ್ಯಾನ್ ಭಾರ, ಬೇಗ ನಿಧಾನ ಆಗಲ್ಲ. ಪಂಪು ಹಗುರ, ಕ್ಷಣದಲ್ಲಿ ಸ್ಪೀಡ್ ಕಳಕೊಂಡು ವಾಪಸ್ ಏರುವಾಗ ಕರೆಂಟ್ ಎಳೆಯುತ್ತೆ. ಎರಡನ್ನೂ ಸೇರಿಸಿ ಸರಾಸರಿ ಇನರ್ಷಿಯಾ ಕೊಟ್ಟರೆ ಅಂಥ ಮೋಟರ್ ಕಾರ್ಖಾನೆಯಲ್ಲೇ ಇಲ್ಲ. ಅದಕ್ಕೆ ಎಂಸಿಸಿ ಲೆಕ್ಕ ಬಿಟ್ಟು ಪಂಪು, ಫ್ಯಾನು, ಕನ್ವೇಯರ್ ಅಂತ ಲೋಡಿನ ಗುಣ ನೋಡಿ ಗುಂಪು ಮಾಡಿದೆ. ಡಿಪ್‌ನಲ್ಲಿ (ವೋಲ್ಟೇಜ್ ಬಿದ್ದಾಗ) ಕಾಂಟ್ಯಾಕ್ಟರ್ ಬಿಟ್ಟುಕೊಂಡ ಮೋಟರುಗಳನ್ನು ಬೇರೆ ಗುಂಪಲ್ಲಿಟ್ಟು ಟ್ರಿಪ್ ಮಾಡಿಸಿದೆ. ಆಗ 1.3 ಸೆಕೆಂಡ್ ಬಂತು. ಗುಂಪಿನ ರೋಟರ್ ಪ್ಯಾರಾಮೀಟರ್ ಕೂರಿಸಿದ ಲೆಕ್ಕ ಇಲ್ಲಿ ಬರೆಯಲ್ಲ. ಅದು ನನ್ನ ಹೊಟ್ಟೆಪಾಡು.

ರಿವ್ಯೂ ಮಾಡುವವರು ಎರಡು ಸಲ ವಾಪಸ್ ಕಳಿಸಿದರು. ಮೊದಲು ಸ್ಟ್ಯಾಂಡ್‌ಬೈ ಯಾಕೆ ತೆಗೆದಿರಿ ಅಂದರು, ಇಂಟರ್‌ಲಾಕ್ ಡ್ರಾಯಿಂಗ್ ಕೊಟ್ಟೆ. ಆಮೇಲೆ ಮಾಡೆಲ್ ನಂಬೋದು ಹೇಗೆ ಅಂದರು. ರಿಲೇ ರೆಕಾರ್ಡಿನ ಗ್ರಾಫ್ ಮೇಲೆ ನನ್ನದನ್ನು ಕೂರಿಸಿ ತೋರಿಸಿದೆ. ಮತ್ತೆ ಪ್ರಶ್ನೆ ಬರಲಿಲ್ಲ. ಫೀಸಿನ ಕೊನೆಯ ಕಂತೂ ಇನ್ನೂ ಬಂದಿಲ್ಲ, ಅದು ಬೇರೆ ಕಥೆ.

ಈಗ ಅದೇ ಪಿಸಿಸಿಗೆ ಎಥೆನಾಲ್ ಘಟಕದ ಪಂಪುಗಳನ್ನೂ ಸೇರಿಸೋಣ ಅಂತ ಲಿಸ್ಟ್ ಕಳಿಸಿದ್ದಾರೆ, ಬಹುತೇಕ ಡಿಓಎಲ್. ಪೀಕ್‌ನಲ್ಲಿ ಉಳಿದಿರುವುದು ಒಂದೂವರೆ ಕೆಎ. ಅದರಲ್ಲಿ ಇವು ಹಿಡಿಯಲ್ಲ, ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿ ಅಂತ ಬರೆದುಕೊಟ್ಟಿದ್ದೇನೆ.