ಕಿರಿಬಾಟಿಯಲ್ಲಿ ಹೆಸರು ಹುಡುಕಿದ್ದು

ಪೆಸಿಫಿಕ್ ಸಾಗರದ ಈ ದ್ವೀಪ ರಾಷ್ಟ್ರವನ್ನು ಕಿರಿಬಾಟಿ ಎಂದು ಬರೆದು ಕಿರಿಬಾಸ್ ಎಂದು ಓದಬೇಕು. ಅಲ್ಲಿಯ ಭಾಷೆಗೆ ಇರುವುದು 13 ಅಕ್ಷರ. ‘ಸ’ಕ್ಕೆ ಬೇರೆ ಅಕ್ಷರವಿಲ್ಲದ್ದರಿಂದ ‘ಟಿ’ಯೇ ಆ ಕೆಲಸವನ್ನೂ ಮಾಡುತ್ತದೆ, ಕಿರಿಟಿಮಾಟಿ ಎಂಬ ದ್ವೀಪದ ಹೆಸರು ನಿಜಕ್ಕೂ ಕ್ರಿಸ್‌ಮಸ್. ಇಷ್ಟನ್ನು ಹೊರಡುವ ಮೊದಲೇ ಕೇಳಿ ತಿಳಿದುಕೊಂಡಿದ್ದರೆ ನನ್ನ ಎರಡು ವಾರ ಉಳಿಯುತ್ತಿತ್ತು.

ವಿದೇಶಿ ನೆರವಿನ ಯೋಜನೆಯೊಂದರಲ್ಲಿ ಹಳೆಯ ಪಾಸ್‌ಪೋರ್ಟ್ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸಿ, ಒಬ್ಬರದೇ ಎರಡು ದಾಖಲೆಗಳಿದ್ದರೆ ಪತ್ತೆ ಮಾಡುವುದು ನನ್ನ ಪಾಲಿನ ಕೆಲಸ. ಯಂತ್ರ ಓದಲಾಗದ ಪಾಸ್‌ಪೋರ್ಟ್‌ಗಳು 2015ರ ನವೆಂಬರ್ 24ರ ಹೊತ್ತಿಗೆ ಚಲಾವಣೆಯಿಂದ ಹೋಗಬೇಕೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗಡುವು ಹಾಕಿತ್ತು. ದೊಡ್ಡ ದೇಶಕ್ಕೂ ಪುಟ್ಟ ದ್ವೀಪ ರಾಷ್ಟ್ರಕ್ಕೂ ಒಂದೇ ನಿಯಮ. ಖರ್ಚು ಹೊರಲಾರದವರಿಗೆ ಇನ್ನೊಬ್ಬರು ಕೊಡಬೇಕು. ಕೊಡುವವರಿಗೂ ಸ್ವಾರ್ಥವಿದೆ: ಯಾರು ಎಲ್ಲಿಂದ ಹೊರಟರೆಂಬುದು ತಮಗೂ ಗೊತ್ತಾಗಲಿ ಎಂಬುದು. 2013ರಲ್ಲಿ ಅಮೆರಿಕ ಮಾಲ್ಡೀವ್ಸ್‌ಗೆ ತನ್ನ ಗಡಿ ತಪಾಸಣೆ ವ್ಯವಸ್ಥೆಯನ್ನು ಪುಕ್ಕಟೆಯಾಗಿ ಕೊಟ್ಟದ್ದು ಬರೀ ಸ್ನೇಹಕ್ಕಲ್ಲ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಕೊಟ್ಟ ಯಂತ್ರಗಳನ್ನು ಎಣಿಸಿ ವರದಿ ಮುಗಿಸುವುದು ಮಾತ್ರ ನನಗೆ ಸೇರದು.

ಮೊದಲ ಪೆಟ್ಟು ಬಿದ್ದದ್ದು ನನ್ನದೇ ಬುದ್ಧಿವಂತಿಕೆಗೆ. ಕುಲನಾಮ, ಹೆಸರು, ಹುಟ್ಟಿದ ದಿನ ಈ ಮೂರನ್ನೂ ಹೋಲಿಸುವಂತೆ ಪ್ರೋಗ್ರಾಂ ಬರೆದಿದ್ದೆ. ಕಿರಿಬಾಟಿಯಲ್ಲಿ ಸಾಮಾನ್ಯವಾಗಿ ತಂದೆಯ ಅಥವಾ ಅಜ್ಜನ ಹೆಸರೇ ಕೊನೆಯ ಹೆಸರು. ಅಪ್ಪನಿಗೊಂದು, ಮಗನಿಗೊಂದು, ಒಬ್ಬನೇ ಮನುಷ್ಯ ಒಂದು ಅರ್ಜಿಯಲ್ಲಿ ತಂದೆಯ ಹೆಸರನ್ನೂ ಇನ್ನೊಂದರಲ್ಲಿ ಅಜ್ಜನ ಹೆಸರನ್ನೂ ಬರೆದಿರಬಹುದು. ನಾಚಿಕೆಯ ಸಂಗತಿಯೆಂದರೆ ನಾನು ಹಾಸನದವನು, ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಂಡು ಬೆಳೆದವನು. ನನ್ನ ಪಾಸ್‌ಪೋರ್ಟಿನಲ್ಲೇ ಕುಲನಾಮದ ಜಾಗ ಖಾಲಿಯಿದೆ. ಪರೀಕ್ಷೆಗೆಂದು ನನ್ನ ವಿವರವನ್ನೇ ತುಂಬಿದಾಗ ನನ್ನ ಪ್ರೋಗ್ರಾಂ ನನ್ನನ್ನೇ ಒಳಗೆ ಬಿಟ್ಟುಕೊಳ್ಳಲಿಲ್ಲ.

ಆಮೇಲೆ ಅಲ್ಲಿಯ ಹಿರಿಯ ಗುಮಾಸ್ತೆಯೊಬ್ಬರ ಪಕ್ಕ ಕುಳಿತೆ. ಅವರು ಹೆಸರುಗಳನ್ನು ಗಟ್ಟಿಯಾಗಿ ಓದುತ್ತ ಹೋದರು, ನಾನು ಕೇಳಿದಂತೆ ಬರೆದುಕೊಂಡೆ. ‘ಪ’ ಇಲ್ಲದ ಭಾಷೆಯಲ್ಲಿ ಪೀಟರ್ ಬೆಟೆರೊ ಆಗುತ್ತಾನೆ. ಅವನೇ ವಿದೇಶಿ ಹಡಗಿನಲ್ಲಿ ದುಡಿದು ಬಂದರೆ ಕಾಗದದಲ್ಲಿ ಮತ್ತೆ ಪೀಟರ್. ಪ, ಬ ಎರಡನ್ನೂ ‘ಬ’ ಮಾಡಿ, ಲ, ರ ಎರಡನ್ನೂ ‘ರ’ ಮಾಡಿ, ‘ಸ’ವನ್ನು ‘ಟ’ದ ಜೊತೆ ಸೇರಿಸಿ, ಆಮೇಲೆ ಹೋಲಿಸಿದೆ. ಕೊನೆಯ ಹೆಸರಿನ ಮೇಲೆ ಇಟ್ಟಿದ್ದ ಭಾರವನ್ನು ಇಳಿಸಿ ತಾಯಿಯ ಹೆಸರು, ಹುಟ್ಟಿದ ದ್ವೀಪ ಇವುಗಳಿಗೆ ಕೊಟ್ಟೆ. ಎರಡು ದಾಖಲೆಗಳನ್ನು ಯಂತ್ರವೇ ಒಂದು ಮಾಡುವುದನ್ನಂತೂ ತೆಗೆದೇ ಹಾಕಿದೆ. ಪರದೆಯ ಮೇಲೆ ಅಕ್ಕಪಕ್ಕ ತೋರಿಸಿದರೆ ಸಾಕು, ಗುಮಾಸ್ತೆ ಕಣ್ಣಾಡಿಸಿ “ಇವನು ಅವನ ಅಣ್ಣ” ಎಂದು ಬೇರ್ಪಡಿಸುತ್ತಿದ್ದರು.

ಗಡಿ ಎಂಬ ಮಾತಿಗೂ ಅಲ್ಲಿ ಬೇರೆಯೇ ಅರ್ಥ. ರಾಜಧಾನಿ ತಾರಾವಾದಿಂದ ತಮ್ಮದೇ ದೇಶದ ಕಿರಿಟಿಮಾಟಿಗೆ ವಿಮಾನದಲ್ಲಿ ಹೋಗಲು ಆಗ ಫಿಜಿ ಸುತ್ತಬೇಕಿತ್ತು. ಸ್ವಂತ ನೆಲದಿಂದ ಸ್ವಂತ ನೆಲಕ್ಕೆ ಹೋಗಲೂ ಪಾಸ್‌ಪೋರ್ಟ್! ಹಾಗೆ ಸುತ್ತಿ ಬಂದವರು ನನ್ನ ದಾಖಲೆಯಲ್ಲಿ ‘ವಿದೇಶದಿಂದ ಬಂದವರು’. ಅದಕ್ಕೊಂದು ಪ್ರತ್ಯೇಕ ಗುರುತನ್ನು ಸೇರಿಸಬೇಕಾಯಿತು.

ಉಪ್ಪುಗಾಳಿಗೆ ಪಾಸ್‌ಪೋರ್ಟ್ ಓದುವ ಯಂತ್ರದ ಗಾಜು ಮಂಕಾಗುತ್ತಿತ್ತು, ಕರೆಂಟೂ ಕೈಕೊಡುತ್ತಿತ್ತು. ಹಾಗಾಗಿ ಪಾಸ್‌ಪೋರ್ಟಿನ ಅಂಕಿಗಳು ತಾಳೆಯಾಗುತ್ತವೆಯೇ ಎಂದು ಯಂತ್ರ ಮಾಡುವ ಲೆಕ್ಕವನ್ನು ಕೈಯಲ್ಲೇ ಹಾಕುವುದನ್ನು ಅಲ್ಲಿಯವರಿಗೆ ಕಲಿಸಿದೆ. ಪಾಸ್‌ಪೋರ್ಟಿನ ಕೆಳಗೆ 44 ಅಕ್ಷರಗಳ ಎರಡು ಸಾಲುಗಳಿರುತ್ತವೆ. ಹುಟ್ಟಿದ ದಿನ 740812 (1974ರ ಆಗಸ್ಟ್ 12) ಎಂದಿದ್ದರೆ ಅಂಕಿಗಳನ್ನು ಕ್ರಮವಾಗಿ 7, 3, 1, ಮತ್ತೆ 7, 3, 1ರಿಂದ ಗುಣಿಸಿ ಕೂಡಬೇಕು. 49, 12, 0, 56, 3, 2, ಒಟ್ಟು 122. ಹತ್ತರಿಂದ ಭಾಗಿಸಿದರೆ ಶೇಷ 2. ದಿನಾಂಕದ ನಂತರ ತಾಳೆ ನೋಡಲೆಂದೇ ಇರುವ ಅಂಕಿ 2 ಆಗಿರದಿದ್ದರೆ ಪ್ರಯಾಣಿಕರನ್ನು ಪಕ್ಕಕ್ಕೆ ಕೂರಿಸಿ ಪುಸ್ತಕವನ್ನು ಇನ್ನೊಮ್ಮೆ ನೋಡಬೇಕು.

ಕೊನೆಯ ವಾರ ಕರೆಂಟ್ ಹೋದಾಗ ಕೌಂಟರಿನ ಹುಡುಗಿಯೊಬ್ಬಳು ನನ್ನದೇ ಪಾಸ್‌ಪೋರ್ಟನ್ನು ಕಸಿದುಕೊಂಡು ಹಳೆಯ ಬೋರ್ಡಿಂಗ್ ಪಾಸಿನ ಬೆನ್ನಿನ ಮೇಲೆ ಲೆಕ್ಕ ಹಾಕಿದಳು. ಮೊದಲ ಸಲ ತಪ್ಪಿತು. ನನ್ನ ಮುಖವನ್ನೊಮ್ಮೆ ಅನುಮಾನದಿಂದ ನೋಡಿ ಮತ್ತೆ ಗುಣಿಸತೊಡಗಿದಳು.