ಹಳೇ ಕ್ಯಾಮೆರಾ, ಹೊಸ ಫರ್ಮ್‌ವೇರ್, ನಡುವೆ ಹೋದ ಕರೆಂಟ್

ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ಎಂಟು ಐಪಿ ಕ್ಯಾಮೆರಾ, ಅಂದರೆ ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವವು, ಇವೆ. 2014ರಲ್ಲಿ ನಾನೇ ಹಾಕಿದ್ದು. ಹೋದ ಮಳೆಗಾಲದಲ್ಲಿ ಅವುಗಳ ಚಿತ್ರ ರೆಕಾರ್ಡ್ ಮಾಡುವ ಹಳೇ ಪೆಟ್ಟಿಗೆ, ಎನ್‌ವಿಆರ್, ಕೈಕೊಟ್ಟಿತು. ಹೊಸದು ತಂದು ಕೂರಿಸಿದರೆ ಎಂಟರಲ್ಲಿ ಒಂದೂ ಸೇರಲಿಲ್ಲ. ಪಾಸ್‌ವರ್ಡ್ ತಪ್ಪು ಅಂತ ತೋರಿಸಿತು. ಪಾಸ್‌ವರ್ಡ್ ಸರಿಯೇ ಇತ್ತು.

ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರ್, ಹಳೇದಾಯ್ತು, ಅಪ್‌ಡೇಟ್ ಮಾಡಬೇಕು ಅಂತ ಮೊದಲು ಅನಿಸಿತು. ಸ್ವಲ್ಪ ತಡೆದದ್ದು ಒಳ್ಳೇದಾಯ್ತು. ಬೇರೆ ಬೇರೆ ಕಂಪನಿಯ ಕ್ಯಾಮೆರಾ, ಎನ್‌ವಿಆರ್ ಮಾತಾಡಿಕೊಳ್ಳುವ ಸಾಮಾನ್ಯ ಭಾಷೆ ಓಎನ್‌ವಿಐಎಫ್. ಅದರಲ್ಲಿ ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಸಮಯವನ್ನೂ ಸೇರಿಸಿ ಕಳಿಸುತ್ತಾರೆ. ಕ್ಯಾಮೆರಾದ ಗಡಿಯಾರ ಒಂದು, ಎನ್‌ವಿಆರ್‌ದು ಇನ್ನೊಂದು ಇದ್ದರೆ ಸರಿಯಾದ ಪಾಸ್‌ವರ್ಡನ್ನೂ ಕ್ಯಾಮೆರಾ ಒಪ್ಪುವುದಿಲ್ಲ. ಇವುಗಳಲ್ಲಿ ಕೆಲವು ಇನ್ನೂ 2000ನೇ ಇಸವಿಯಲ್ಲೇ ಇದ್ದವು! ಎಂಟಕ್ಕೂ ಸಮಯ ಸರಿ ಮಾಡಿದೆ. ಮೂರು ತಕ್ಷಣ ಸೇರಿಕೊಂಡವು. ಉಳಿದ ಐದಕ್ಕೆ ಫರ್ಮ್‌ವೇರೇ ಗತಿ ಅಂತ ತೀರ್ಮಾನ ಮಾಡಿದೆ. ಆ ತೀರ್ಮಾನವೂ ಅರ್ಧ ತಪ್ಪೇ. ಅದು ಮುಂದೆ ಬರುತ್ತದೆ.

ಈ ಕ್ಯಾಮೆರಾಗಳ ವೆಬ್ ಪುಟ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆ ಯಾವುದರಲ್ಲೂ ತೆರೆಯುವುದಿಲ್ಲ, ಆಕ್ಟಿವ್‌ಎಕ್ಸ್ ಎಂಬ ಅದರ ಪ್ಲಗಿನ್ ಬೇಕು. ಆ ಬ್ರೌಸರನ್ನು ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ನಿಲ್ಲಿಸಿತು. ಎಡ್ಜ್ ಒಳಗೆ ಐಇ ಮೋಡ್ ಆನ್ ಮಾಡಿಕೊಂಡರೆ ಕೆಲಸ ನಡೆಯುತ್ತದೆ. ಪ್ರತಿ ಕ್ಯಾಮೆರಾದ ವರ್ಷನ್ ಪುಟವನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಂಡೆ. ಇದು ನನ್ನ ಅಭ್ಯಾಸ. ತೆಗೆದ ಫೋಟೋವನ್ನು ನೋಡುವ ಅಭ್ಯಾಸ ಮಾತ್ರ ಇರಲಿಲ್ಲ.

ಮೂರು ಕ್ಯಾಮೆರಾ ಸಲೀಸಾಗಿ ಅಪ್‌ಡೇಟ್ ಆದವು. ನಾಲ್ಕನೆಯದು ತೂಕದ ಕಾಟಾ ಮೇಲೆ ಇದ್ದದ್ದು. ಹೊರಗೆ ಜೋರು ಮಳೆ. ಶೇಕಡಾ 62 ಅಂತ ತೋರಿಸುತ್ತಿದ್ದಾಗ ಕರೆಂಟ್ ಹೋಯ್ತು. ಯುಪಿಎಸ್ ಇದ್ದದ್ದು ಬಿಲ್ಲಿಂಗ್ ಕಂಪ್ಯೂಟರ್‌ಗೆ ಮಾತ್ರ. ಕ್ಯಾಮೆರಾ ತಂತಿಗಳು ಸೇರುವ ನೆಟ್‌ವರ್ಕ್ ಸ್ವಿಚ್ಚು, ಕ್ಯಾಮೆರಾಗಳ 12 ವೋಲ್ಟ್ ಸಪ್ಲೈ ಎಲ್ಲ ಸೀದಾ ಲೈನ್ ಮೇಲೆ. ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತಿತ್ತು, ಹಾಗಾಗಿ ಕತ್ತಲೆಯಲ್ಲಿ ಆ 62 ಒಂದೇ ಹೊಳೆಯುತ್ತಾ ಕೂತಿತ್ತು. ಹತ್ತು ನಿಮಿಷದ ಕೆಲಸಕ್ಕೆ ಆ ಯುಪಿಎಸ್‌ನಿಂದ ಒಂದು ವೈರ್ ಎಳೆದುಕೊಳ್ಳಲು ನನಗೇನು ದಾಡಿಯಾಗಿತ್ತೋ ಗೊತ್ತಿಲ್ಲ.

ಕರೆಂಟ್ ಬಂತು. ಏಳು ಕ್ಯಾಮೆರಾ ಎದ್ದವು. ಈ ಜಾತಿಯವು ಎದ್ದೇಳುವಾಗ ಒಳಗಿನ ಐಆರ್ ಫಿಲ್ಟರ್ ‘ಟಿಕ್’ ಅಂತ ಒಂದು ಸದ್ದು ಮಾಡುತ್ತದೆ. ಏಣಿ ಹತ್ತಿ ಕಿವಿ ಇಟ್ಟು ಕಾದೆ. ಸದ್ದಿಲ್ಲ. ನೆಟ್‌ವರ್ಕ್‌ನಲ್ಲಿ ‘ಇದ್ದೀಯಾ’ ಅಂತ ಕೇಳುವ ಪಿಂಗ್‌ಗೂ ಉತ್ತರ ಇಲ್ಲ.

“ಎಂತಾತೋ ತಮಾ, ಸತ್ತೋತ?” ಅಂದರು ಯಜಮಾನರು ಕೆಳಗಿನಿಂದ.

“ಸತ್ತಿಲ್ಲ, ಮನೆಗೆ ಒಯ್ದು ನೋಡ್ತೆ” ಅಂದೆ. ಧೈರ್ಯಕ್ಕೆ ಹೇಳಿದ್ದಾದರೂ ಪೂರ್ತಿ ಸುಳ್ಳಲ್ಲ. ಅಪ್‌ಡೇಟ್ ಮಧ್ಯದಲ್ಲಿ ನಿಂತರೆ ಸಾಮಾನ್ಯವಾಗಿ ಹಾಳಾಗುವುದು ಫರ್ಮ್‌ವೇರ್‌ನ ತಿರುಳಾದ ಕರ್ನಲ್ ಅಥವಾ ಅದರ ಮೇಲಿನ ಭಾಗ. ಅದನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಮ್, ಬೂಟ್‌ಲೋಡರ್, ಫರ್ಮ್‌ವೇರ್ ಇರುವ ಫ್ಲ್ಯಾಶ್ ಚಿಪ್ಪಿನ ಮೊದಲ ಜಾಗದಲ್ಲಿ ಬೇರೆಯಾಗಿ ಕೂತಿರುತ್ತದೆ. ಅದೊಂದು ಉಳಿದಿದ್ದರೆ ಕ್ಯಾಮೆರಾ ಉಳಿದ ಹಾಗೆ.

ರಾತ್ರಿ ಊಟ ಮುಗಿಸಿ ಬಿಚ್ಚಿದೆ. ಒಳಗೆ ಹೈಸಿಲಿಕಾನ್ 3518ಇ ಚಿಪ್, ಪಕ್ಕದಲ್ಲಿ ಎಂಟು ಕಾಲಿನ 8 ಎಂಬಿ ಫ್ಲ್ಯಾಶ್. ಬೋರ್ಡಿನ ಅಂಚಿನಲ್ಲಿ ಮೂರು ಖಾಲಿ ಪ್ಯಾಡ್. ಇಂಥ ಕಡೆ ಬೂಟ್‌ಲೋಡರ್ ಜೊತೆ ಮಾತಾಡಬಹುದಾದ ಸೀರಿಯಲ್ ಪೋರ್ಟ್ ಇರುವ ಸಾಧ್ಯತೆ ಜಾಸ್ತಿ. ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ, ಒಂದು ಕಡ್ಡಿಯನ್ನು ಕ್ಯಾಮೆರಾದ ಲೋಹದ ಮೈಗೆ ಒತ್ತಿ ಗ್ರೌಂಡ್ ಹುಡುಕಿದೆ. ಆಮೇಲೆ ಪವರ್ ಕೊಟ್ಟು ಉಳಿದೆರಡರ ವೋಲ್ಟೇಜ್ ನೋಡಿದೆ. ಒಂದು ಕಡೆ 3.3 ವೋಲ್ಟ್ ಹತ್ತಿರ ಇದ್ದದ್ದು ಶುರುವಿನ ಎರಡು ಮೂರು ಸೆಕೆಂಡ್ ಕುಣಿಯಿತು. ಕುಣಿಯುವುದೇ ಟಿಎಕ್ಸ್, ಅಂದರೆ ಕ್ಯಾಮೆರಾ ಮಾತಾಡುವ ತಂತಿ. ಅದನ್ನು ಯುಎಸ್‌ಬಿ ಸೀರಿಯಲ್ ಅಡಾಪ್ಟರ್‌ನ ಆರ್‌ಎಕ್ಸ್‌ಗೆ ಕೊಡಬೇಕು, ಇದರ ಆರ್‌ಎಕ್ಸ್ ಅದರ ಟಿಎಕ್ಸ್‌ಗೆ. ಅಡಾಪ್ಟರ್‌ನ ಜಂಪರ್ 3.3 ವೋಲ್ಟ್‌ನಲ್ಲೇ ಇರಬೇಕು, 5ರಲ್ಲಿದ್ದರೆ ಚಿಪ್ ಸುಡಬಹುದು. ಅಡಾಪ್ಟರ್‌ನ ಪವರ್ ತಂತಿಯನ್ನು ಜೋಡಿಸುವ ಗೋಜಿಗೇ ಹೋಗಬೇಡಿ, ಕ್ಯಾಮೆರಾಕ್ಕೆ ಅದರದ್ದೇ 12 ವೋಲ್ಟ್ ಸಾಕು.

ಸೀರಿಯಲ್‌ನಲ್ಲಿ ಬಂದದ್ದನ್ನು ತೋರಿಸುವ ಪುಟ್ಟಿ ಸಾಫ್ಟ್‌ವೇರ್ ತೆರೆದು, ವೇಗ 115200 ಇಟ್ಟು, ಲಾಗ್ ಫೈಲ್ ಆನ್ ಮಾಡಿ ಪವರ್ ಹಾಕಿದೆ. ‘ಯು-ಬೂಟ್ 2010.06’ ಅಂತ ಮೊದಲ ಸಾಲುಗಳು ಬಂದವು, ಬೂಟ್‌ಲೋಡರ್‌ನ ಹೆಸರು ಅದು. ಜೀವ ಬಂದ ಹಾಗಾಯ್ತು. ಕೆಳಗೆ ‘ರಾಂಗ್ ಇಮೇಜ್ ಫಾರ್ಮ್ಯಾಟ್’ ಅಂತ ಬೈದು, ಹೈಸಿಲಿಕಾನ್ ಅಂತ ಹೆಸರು ತೋರಿಸಿ ಕರ್ಸರ್ ಮಿನುಗುತ್ತಾ ನಿಂತಿತು. ಕರ್ನಲ್ ಕೆಟ್ಟಿದೆ, ಬೂಟ್‌ಲೋಡರ್ ಗಟ್ಟಿ ಇದೆ. ಅಲ್ಲೇ, ಅದರ ಸೆಟ್ಟಿಂಗ್ ತೋರಿಸುವ ‘ಪ್ರಿಂಟ್‌ಎನ್ವ್’ ಹೊಡೆದೆ. ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನಕ್ಕೂ ಇರುವ ಬೇರೆ ಬೇರೆ ಗುರುತು), ಐಪಿ, ಫ್ಲ್ಯಾಶ್‌ನ ಪಾಲು ಪಟ್ಟಿ ಎಲ್ಲ ಪರದೆ ಮೇಲೆ ಬಂತು, ಲಾಗ್‌ಗೂ ಸೇರಿತು. ಆಗ ಸುಮ್ನೆ ಹೊಡೆದದ್ದು. ಆಮೇಲೆ ಮರ್ಯಾದೆ ಉಳಿಸಿದ್ದು ಅದೇ.

ಇನ್ನು ಬರೆಯಲು ಒಳ್ಳೆಯ ಪ್ರತಿ ಬೇಕು. ವೆಬ್ ಪುಟದಿಂದ ಹಾಕುವ ಅಪ್‌ಡೇಟ್ ಫೈಲನ್ನು ಇಲ್ಲಿ ಹಾಗೇ ಬರೆಯಲು ಬರುವುದಿಲ್ಲ, ಅದು ಒಳಗೆ ತುಂಡು ತುಂಡಾಗಿ ಕಟ್ಟಿದ ಗಂಟು. ಸುಲಭದ ದಾರಿ ಅಂದರೆ ಅದೇ ಮಾಡೆಲ್‌ನ ಚೆನ್ನಾಗಿರುವ ಕ್ಯಾಮೆರಾದ ಫ್ಲ್ಯಾಶನ್ನು ಓದಿ ತರುವುದು. ಮರುದಿನ ಅಪ್‌ಡೇಟ್ ಆಗಿದ್ದ ಮೂರನೆಯದನ್ನು ಇಳಿಸಿ ತಂದೆ. ಅದಕ್ಕೂ ತಂತಿ ಜೋಡಿಸಿದೆ. ಚೆನ್ನಾಗಿರುವ ಕ್ಯಾಮೆರಾ ಯು-ಬೂಟ್‌ನಲ್ಲಿ ನಿಲ್ಲಬೇಕಾದರೆ ಪವರ್ ಕೊಟ್ಟ ಒಂದೇ ಸೆಕೆಂಡಿನಲ್ಲಿ ಕಂಟ್ರೋಲ್ ಮತ್ತು ಸಿ ಒತ್ತಬೇಕು. ನಾನು ಮೊದಲೇ ಕೀಗಳನ್ನು ಒತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಪ್ಲಗ್ ಹಾಕುತ್ತೇನೆ.

ಓದುವ ವಿಧಾನ ಇಷ್ಟೇ. ಮೊದಲು ರ‍್ಯಾಮ್‌ನ ಒಂದು ಜಾಗವನ್ನು ಎಫ್‌ಎಫ್‌ನಿಂದ ತುಂಬಿಸಬೇಕು. ಈ ಚಿಪ್ಪಿನಲ್ಲಿ ಹೆಕ್ಸ್ 82000000 ಸರಿಯಾದ ಜಾಗ. ಆಮೇಲೆ ‘ಎಸ್‌ಎಫ್ ಪ್ರೋಬ್ 0’ ಅಂದರೆ ಫ್ಲ್ಯಾಶ್ ಎಚ್ಚರಗೊಳ್ಳುತ್ತದೆ. ‘ಎಸ್‌ಎಫ್ ರೀಡ್’ ಅಂತ ಸೊನ್ನೆಯಿಂದ ಹೆಕ್ಸ್ 800000ದಷ್ಟು, ಅಂದರೆ 8 ಎಂಬಿ, ರ‍್ಯಾಮ್‌ಗೆ ಎಳೆದುಕೊಳ್ಳಬೇಕು. ಕೊನೆಗೆ ಅದನ್ನು ಫೈಲ್ ಸಾಗಿಸುವ ಸರಳ ವಿಧಾನವಾದ ಟಿಎಫ್‌ಟಿಪಿ ಮೂಲಕ ಲ್ಯಾಪ್‌ಟಾಪ್‌ಗೆ ಕಳಿಸಬೇಕು. ಹೈಸಿಲಿಕಾನ್ ಯು-ಬೂಟ್‌ನಲ್ಲಿ ಟಿಎಫ್‌ಟಿಪಿ ಕಮಾಂಡ್‌ನ ಕೊನೆಗೆ ಗಾತ್ರವನ್ನೂ ಬರೆದರೆ ಅದು ತರುವ ಬದಲು ಕಳಿಸುತ್ತದೆ. ಲ್ಯಾಪ್‌ಟಾಪ್‌ನ ಫೈರ್‌ವಾಲ್ ಆಫ್ ಇರಲಿ. ಬಂದ ಫೈಲ್ ಸರಿಯಾಗಿ 8388608 ಬೈಟ್ ಇರಬೇಕು. ನಾನು ಎರಡು ಸಲ ಓದಿ, ಎರಡು ಫೈಲ್‌ಗಳ ಎಂಡಿ5, ಅಂದರೆ ಫೈಲ್‌ನ ಬೆರಳಚ್ಚು, ತಾಳೆ ನೋಡಿದೆ. ಒಂದೇ ಬಂತು.

ಸತ್ತ ಕ್ಯಾಮೆರಾದ ಫ್ಲ್ಯಾಶನ್ನೂ ಹೀಗೇ ಓದಿಟ್ಟೆ. ಕೆಟ್ಟದ್ದನ್ನು ಯಾಕೆ ಓದಬೇಕು ಅನಿಸಬಹುದು. ಕೆಟ್ಟಿದ್ದು ಒಂದು ಭಾಗ ಮಾತ್ರ, ಉಳಿದದ್ದು ಆ ಕ್ಯಾಮೆರಾದ ಸ್ವಂತ ಆಸ್ತಿ.

ಆಮೇಲೆ ಆತುರ ಮಾಡಿದೆ. ಮೂರನೆಯದರ ಪೂರ್ತಿ 8 ಎಂಬಿಯನ್ನು ಸೊನ್ನೆಯಿಂದಲೇ ಅಳಿಸಿ ಬರೆದೆ, ಬೂಟ್‌ಲೋಡರ್ ಸಮೇತ. ಆ ಒಂದೆರಡು ನಿಮಿಷದಲ್ಲಿ ಮತ್ತೆ ಕರೆಂಟ್ ಹೋಗಿದ್ದರೆ ಯು-ಬೂಟ್ ಕೂಡ ಇರುತ್ತಿರಲಿಲ್ಲ. ಆಗ ಉಳಿಯುವುದು ಫ್ಲ್ಯಾಶ್‌ಗೆ ನೇರವಾಗಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್, ಚಿಪ್ಪಿಗೆ ಕಚ್ಚಿಸುವ ಕ್ಲಿಪ್. ನನ್ನ ಹತ್ತಿರ ಅದೂ ಇದೆ, ಆದರೆ ಆ ಕಪ್ಪು ಬೋರ್ಡಿನ ಹಲವು ಪೀಸುಗಳಲ್ಲಿ ಡೇಟಾ ಕಾಲಿಗೆ 5 ವೋಲ್ಟ್ ಬರುತ್ತದೆ, ಚಿಪ್ ತಡೆಯುವುದು 3.3. ತೀರಾ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ತೆಗೆಯುತ್ತೇನೆ.

ಈ ಸಲ ಇನ್ವರ್ಟರ್ ಮೇಲೆ ಇಟ್ಟಿದ್ದೆ, ಬಚಾವಾದೆ. ರೀಸೆಟ್ ಕೊಟ್ಟೆ. ಸಾಲುಗಳು ಓಡಿದವು. ‘ಟಿಕ್’ ಅಂತು! ಪಿಂಗ್ ಬಂತು, ವೆಬ್ ಪುಟ ಬಂತು, ಲಾಗಿನ್ ಆಯ್ತು. ಚಿತ್ರ ಮಾತ್ರ ಕಪ್ಪು. ಮೇಲಿನ ಮೂಲೆಯಲ್ಲಿ ತಾರೀಕು ಓಡುತ್ತಿದೆ, ಹಿಂದೆ ಇದ್ದಿಲಿನಂತೆ ಕತ್ತಲೆ.

ಸಾಲದ್ದಕ್ಕೆ ಪಕ್ಕದಲ್ಲೇ ಅದೇ ಸ್ವಿಚ್ಚಿಗೆ ಮೂರನೆಯದೂ ಹಚ್ಚಿತ್ತು. ಈಗ ಅದೂ ಬಿಟ್ಟು ಬಿಟ್ಟು ಬರತೊಡಗಿತು. ಅರ್ಧ ತಾಸು ಕೇಬಲ್ ಬದಲಾಯಿಸುತ್ತಾ ಕೂತೆ. ಪೂರ್ತಿ ನಕಲು ಬರೆದಿದ್ದರಿಂದ ಎರಡಕ್ಕೂ ಒಂದೇ ಮ್ಯಾಕ್ ಅಡ್ರೆಸ್ ಆಗಿತ್ತು. ಒಂದೇ ಹೆಸರಿನ ಇಬ್ಬರಿಗೆ ಬಂದ ಕಾಗದ ಹಂಚಲು ಹೋದ ಪೋಸ್ಟ್‌ಮ್ಯಾನ್‌ನಂತೆ ಸ್ವಿಚ್ಚು ತಬ್ಬಿಬ್ಬಾಗಿತ್ತು. ಹಳೇ ಮ್ಯಾಕ್ ಪುಟ್ಟಿಯ ಲಾಗ್‌ನಲ್ಲಿ ಸಿಕ್ಕಿತು. ಯು-ಬೂಟ್‌ನಲ್ಲಿ ‘ಈಥ್‌ಅಡ್ರ್’ ಅನ್ನು ಅದಕ್ಕೆ ಬದಲಾಯಿಸಿ ‘ಸೇವ್‌ಎನ್ವ್’ ಕೊಟ್ಟ ಮೇಲೆ ಜಗಳ ನಿಂತಿತು. ಕಪ್ಪು ಹಾಗೇ ಉಳಿಯಿತು.

ಲೆನ್ಸ್ ಕೆಟ್ಟಿತಾ, ರಿಬ್ಬನ್ ಸಡಿಲಾಯ್ತಾ ಅಂತ ಎಲ್ಲ ನೋಡಿದೆ. ಕೊನೆಗೆ ಹೊಳೆದದ್ದು ಮೊಬೈಲ್ ಫೋಟೋ. ವರ್ಷನ್ ಪುಟದ ಫೋಟೋಗಳನ್ನು ಒಂದರ ಪಕ್ಕ ಒಂದು ಇಟ್ಟೆ. ಮೈಮೇಲಿನ ಲೇಬಲ್‌ನಲ್ಲಿ ಎಂಟಕ್ಕೂ ಒಂದೇ ಮಾಡೆಲ್ ಹೆಸರು. ಹಾರ್ಡ್‌ವೇರ್ ಐಡಿ ಮಾತ್ರ ನಾಲ್ಕನೆಯದರದ್ದು ಬೇರೆ! ಕೊನೆಯ ಎರಡು ಅಕ್ಷರ. ಸಿಡಿಲಿಗೆ ಸುಟ್ಟ ಎರಡನ್ನು 2016ರಲ್ಲಿ ಬದಲಾಯಿಸಿದ್ದೆ, ಅವು ಬೇರೆ ಬ್ಯಾಚಿನವು. ಅವುಗಳೊಳಗೆ ಇಮೇಜ್ ಸೆನ್ಸರ್ ಬೇರೆ ಕಂಪನಿಯದು. ಅಲ್ಲಿ ಇಲ್ಲದ ಸೆನ್ಸರ್ ಜೊತೆ ಫರ್ಮ್‌ವೇರ್ ಮಾತಾಡಲು ಹೊರಟರೆ ಚಿತ್ರ ಎಲ್ಲಿಂದ ಬರಬೇಕು?

ಅಂದರೆ ಅವತ್ತು ಕರೆಂಟ್ ಹೋಗದೆ ಅಪ್‌ಡೇಟ್ ಶೇಕಡಾ 100 ಮುಟ್ಟಿದ್ದರೂ ಕಾಟಾ ಕ್ಯಾಮೆರಾ ಕಪ್ಪಾಗಿಯೇ ಏಳುತ್ತಿತ್ತು. ಮಳೆಯನ್ನು ಬೈದದ್ದೇ ಬೈದದ್ದು, ತಪ್ಪು ಫೈಲ್ ಕೈಯಲ್ಲಿ ಹಿಡಿದದ್ದು ನಾನು.

2016ರ ಜೋಡಿಯಲ್ಲಿ ಇನ್ನೊಂದು ಗೋದಾಮಿನ ಬಾಗಿಲ ಮೇಲಿತ್ತು. ಅಪ್‌ಡೇಟ್‌ಗೆ ಕಾಯುತ್ತಿದ್ದ ಐದನೆಯದು ಅದೇ. ಪುಣ್ಯಕ್ಕೆ ಮುಟ್ಟಿರಲಿಲ್ಲ. ಅದನ್ನು ತಂದು ಓದಿ, ಈ ಸಲ ಮೊದಲ 256 ಕೆಬಿ ಬಿಟ್ಟು ಉಳಿದದ್ದನ್ನು ಮಾತ್ರ ಬರೆದೆ. ಈ ಬೋರ್ಡಿನ ಪಾಲು ಪಟ್ಟಿಯಲ್ಲಿ ಬೂಟ್‌ಲೋಡರ್, ಅದರ ಸೆಟ್ಟಿಂಗ್ ಎರಡೂ ಅಷ್ಟರಲ್ಲೇ ಇವೆ, ಹಾಗಾಗಿ ಮ್ಯಾಕ್ ಕೆಡಲಿಲ್ಲ. ‘ಟಿಕ್’. ಪರದೆಯಲ್ಲಿ ನನ್ನ ಮೇಜು, ಚಹಾ ಲೋಟ, ನನ್ನ ಬೆರಳು.

ಎಲ್ಲದಕ್ಕೂ ಇಷ್ಟು ಬಿಚ್ಚಾಟ ಬೇಕಿಲ್ಲ. ಹಿಕ್‌ವಿಷನ್‌ನ ಹಳೇ ಕ್ಯಾಮೆರಾಗಳು ಪವರ್ ಬಂದ ಕೂಡಲೇ 192.0.0.128 ವಿಳಾಸದಲ್ಲಿ ಟಿಎಫ್‌ಟಿಪಿ ಸರ್ವರ್ ಇದೆಯಾ ಅಂತ ಒಮ್ಮೆ ನೋಡುತ್ತವೆ. ಲ್ಯಾಪ್‌ಟಾಪ್‌ಗೆ ಆ ಐಪಿ ಕೊಟ್ಟು, ಅವರದ್ದೇ ಟಿಎಫ್‌ಟಿಪಿ ಸಾಫ್ಟ್‌ವೇರ್ ಇರುವ ಫೋಲ್ಡರ್‌ನಲ್ಲಿ ‘ಡಿಜಿಕ್ಯಾಪ್’ ಎಂಬ ಫರ್ಮ್‌ವೇರ್ ಫೈಲ್ ಇಟ್ಟರೆ ತಾನೇ ಎಳೆದುಕೊಳ್ಳುತ್ತದೆ. ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್ ಮಧ್ಯೆ ಒಂದು ಸ್ವಿಚ್ ಇರಲಿ. ನೇರ ಜೋಡಿಸಿದರೆ ಕ್ಯಾಮೆರಾ ಆಫ್ ಆದಾಗ ಲ್ಯಾಪ್‌ಟಾಪ್‌ನ ಪೋರ್ಟೂ ಮಲಗುತ್ತದೆ, ಅದು ಎದ್ದೇಳುವಷ್ಟರಲ್ಲಿ ಕ್ಯಾಮೆರಾ ಕೇಳಿ ಮುಗಿಸಿರುತ್ತದೆ. ಚೀನಾದ ಮಾರುಕಟ್ಟೆಗೆ ಮಾಡಿದ ಪೀಸ್ ಆಗಿದ್ದರೆ ಹೊರದೇಶದ ಫರ್ಮ್‌ವೇರ್ ಹಾಕಿ ಕೈಸುಟ್ಟುಕೊಳ್ಳಬೇಡಿ, ಸೀರಿಯಲ್ ನಂಬರ್‌ನಲ್ಲಿ ಸಿಎಚ್ (ಚೀನಾದ್ದು) ಇದೆಯಾ ಡಬ್ಲ್ಯುಆರ್ (ಹೊರದೇಶದ್ದು) ಇದೆಯಾ ಮೊದಲು ನೋಡಿ.

ಹಾಗಂತ ಹಳೇ ಫರ್ಮ್‌ವೇರೇ ಇರಲಿ ಅಂತ ಬಿಡಲೂ ಹೆದರಿಕೆ. 2016ರ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ (ವೆಬ್ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ) ಕಂಪನಿಯ ಮೇಲೆ ದಾಳಿಯಾಗಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಕುಂಟಿದವಲ್ಲ, ಅದಕ್ಕೆ ಮಿರಾಯ್ ಎಂಬ ಮಾಲ್‌ವೇರ್ ಬಳಸಿದ್ದು ಇಂಥವೇ ಕ್ಯಾಮೆರಾ, ಡಿವಿಆರ್‌ಗಳನ್ನು, ಅವುಗಳ ಬದಲಾಯಿಸದ ಪಾಸ್‌ವರ್ಡ್ ಹಿಡಿದು. ಮಂಡಿಯ ರೌಟರ್‌ನಲ್ಲಿದ್ದ, ಇಂಟರ್ನೆಟ್‌ನಿಂದ ಒಳಗೆ ದಾರಿ ಬಿಡುವ ಪೋರ್ಟ್ ಫಾರ್ವರ್ಡ್ ಎಲ್ಲ ತೆಗೆದೆ. ಕ್ಯಾಮೆರಾಗಳನ್ನು ಎನ್‌ವಿಆರ್‌ನ ಹಿಂದಿನ ಬೇರೆ ಸ್ವಿಚ್ಚಿಗೆ ಹಾಕಿ ಗೇಟ್‌ವೇ ಖಾಲಿ ಬಿಟ್ಟೆ, ಇಂಟರ್ನೆಟ್ ಅವಕ್ಕೆ ಬೇಕಾಗಿಲ್ಲ. ಸಮಯ ಎನ್‌ವಿಆರ್‌ನಿಂದಲೇ ಸಿಗುವ ಹಾಗೆ ಮಾಡಿದೆ.

ನಾಲ್ಕು ಮತ್ತು ಐದು ಹಳೇ ಫರ್ಮ್‌ವೇರ್‌ನಲ್ಲೇ ಉಳಿದವು. ಅವನ್ನು ಎನ್‌ವಿಆರ್‌ಗೆ ಹೇಗೆ ಸೇರಿಸಿದೆ ಅಂದರೆ, ಓಎನ್‌ವಿಐಎಫ್ ಬಿಟ್ಟು ಕ್ಯಾಮೆರಾದ ವಿಡಿಯೋ ಸಿಗುವ ಆರ್‌ಟಿಎಸ್‌ಪಿ ವಿಳಾಸವನ್ನು ನೇರವಾಗಿ ಟೈಪ್ ಮಾಡಿದೆ. ಎರಡು ನಿಮಿಷ. ಉಳಿದ ಮೂರಕ್ಕೂ ಇದೇ ಸಾಕಿತ್ತೇನೋ, ಮೊದಲೇ ನೋಡಬಹುದಿತ್ತು ಅಲ್ವಾ.

ಕಾಟಾ ಮೇಲೆ ಕ್ಯಾಮೆರಾ ಮತ್ತೆ ಏರಿಸಿದಾಗ ಚಿತ್ರ ಸ್ವಲ್ಪ ಮಂಜಾಗಿತ್ತು. ಬಿಚ್ಚುವಾಗ ಲೆನ್ಸ್ ಒಂದೆಳೆ ತಿರುಗಿಬಿಟ್ಟಿತ್ತು. ನಾನು ಏಣಿ ಮೇಲೆ ನಿಂತು ಕೂದಲೆಳೆಯಷ್ಟು ತಿರುಗಿಸುವುದು, ಯಜಮಾನರು ಕೆಳಗೆ ಟಿವಿ ನೋಡಿ “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಅನ್ನುವುದು. ಅಡಿಕೆ ಚೀಲದ ಮೇಲಿನ ನಂಬರನ್ನು ಅವರು ಗಟ್ಟಿಯಾಗಿ ಓದಿದ ಮೇಲೆ ಲೆನ್ಸ್‌ಗೆ ಒಂದು ಹನಿ ಗಮ್ ಹಾಕಿ ಇಳಿದೆ.